ಸ್ಪ್ಯಾನಿಷ್ ಕಲಿಕೆ ಲಾಗ್: "ಕೂತ್ಕೊ, ಮಲ್ಕೊ, ಬಟ್ಟೆ ಹಾಕ್ಕೊ" ಎಲ್ಲಾ ಒಂದೇ ದಾರೀಲಿ ಬಂತು

ಈ ಸಲದ ಅಪ್‌ಡೇಟ್ ಪೂರ್ತಿ ಆಜ್ಞೆಗಳ ಮೇಲೇನೇ. ಅದ್ರಲ್ಲೂ ಸೆಂತಾರ್ಸೆ (ಕೂತ್ಕೊಳ್ಳೋದು), ಅಕೊಸ್ತಾರ್ಸೆ (ಮಲ್ಕೊಳ್ಳೋದು), ದೆಸ್ಪೆರ್ತಾರ್ಸೆ (ಎಚ್ಚರ ಆಗೋದು), ಬೆಸ್ತೀರ್ಸೆ (ಬಟ್ಟೆ ಹಾಕ್ಕೊಳ್ಳೋದು), ದೊರ್ಮೀರ್ಸೆ (ನಿದ್ದೆ ಹೋಗೋದು) ಥರದವು. ಇವುಗಳಲ್ಲಿ ಕೊನೇಲಿ ಒಂದು ಸರ್ವನಾಮಾನೂ ಅಂಟ್ಕೊಳ್ಳುತ್ತೆ, ಧಾತುವಿನ ಒಳಗಿರೋ ಸ್ವರಾನೂ ಬದಲಾಗುತ್ತೆ, ಎರಡೂ ಒಟ್ಟಿಗೆ ಬರೋದ್ರಿಂದ ಬಾಯಿಗೆ ಬೇಗ ಕೂರಲ್ಲ. ಒತ್ತು ಬೀಳೋ ಸ್ವರಾನ ಇಲ್ಲಿ ದೀರ್ಘ ಮಾಡಿ ಬರೀತಿದೀನಿ, ಓದುವಾಗ ಅಲ್ಲೇ ಜೋರು ಕೊಡಿ, ಈ ಪೋಸ್ಟ್‌ನ ಜೀವ ಇರೋದೇ ಅದ್ರಲ್ಲಿ.

ಮೊದಲು ಸುಲಭದ್ದು. ನೀನು ಅನ್ನೋ ಲೆಕ್ಕದಲ್ಲಿ ಮಾತಾಡುವಾಗ "ಅವನು/ಅವಳು ಕೂರ್ತಾಳೆ" ಅನ್ನೋ ವರ್ತಮಾನದ ರೂಪ ತಗೊಂಡು ಅದಕ್ಕೆ ತೆ ಸೇರಿಸಿದ್ರೆ ಆಯ್ತು. ಸ್ಯೇಂತ + ತೆ = ಸ್ಯೇಂತತೆ, ಕೂತ್ಕೊ. ಹಾಗೇ ಅಕ್ವೇಸ್ತತೆ, ದೆಸ್ಪ್ಯೇರ್ತತೆ, ಬೀಸ್ತೆತೆ, ದ್ವೇರ್ಮೆತೆ. ನಮಗೆ ಕೂತ್ಕೊ, ಮಲ್ಕೊ, ಹಾಕ್ಕೊ ಅಂತ ಬಾಲ ಸೇರಿಸಿ ಹೇಳೋದು ಹುಟ್ಟಿನಿಂದ ಅಭ್ಯಾಸ ಆಗಿರೋದ್ರಿಂದ ಕ್ರಿಯಾಪದದ ಹಿಂದೆ ಏನೋ ಅಂಟೋದು ವಿಚಿತ್ರ ಅನ್ಸಲ್ಲ, ಆದ್ರೆ ಅವರದ್ದು ಸರ್ವನಾಮ, ಯಾರಿಗೆ ಹೇಳ್ತಿದೀವಿ ಅನ್ನೋದ್ರ ಮೇಲೆ ತೆ, ಸೆ, ಒಸ್, ನೊಸ್ ಅಂತ ಬದಲಾಗ್ತಾ ಹೋಗುತ್ತೆ.

ಇಲ್ಲೀತನಕ ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ. ನನ್ನ ಫ್ಲ್ಯಾಶ್‌ಕಾರ್ಡ್ ಡೆಕ್ಕನ್ನ ಈ ವಾರ ಹೊಸದಾಗಿ ಕಟ್ಟೋಕೆ ಕಾರಣ ಆಗಿದ್ದು ಬೇರೆ. ವಾರಕ್ಕೊಮ್ಮೆ ಮಾತಾಡೋ ಬ್ವೇನಸ್ ಐರಿಸ್‌ನ ಗೆಳತಿ ಯಾವತ್ತೂ ಸ್ಯೇಂತತೆ ಅನ್ನಲ್ಲ, ಸೆಂತಾತೆ ಅಂತಾಳೆ. ಅಕ್ವೇಸ್ತತೆ ಅಲ್ಲ, ಅಕೊಸ್ತಾತೆ. ಅರ್ಜೆಂಟೀನಾ, ಉರುಗ್ವೆ ಕಡೆ ತೂ (ನೀನು) ಬದಲು ಬೋಸ್ ಅಂತಾರೆ, ಅದ್ರ ಆಜ್ಞೆ ಹೀಗೇ ಅಂತ ಟೇಬಲ್‌ನಲ್ಲಿ ಇನ್ನೊಂದು ಸಾಲು ಹಾಕ್ಬಹುದಿತ್ತು, ಆದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ಜೋರಾಗಿ ಹೇಳ್ಕೊಂಡ್ರೆ ಕಾರಣ ಕಿವಿಗೇ ಕೇಳ್ಸುತ್ತೆ. ಸ್ಯೇಂತತೆಯಲ್ಲಿ ಒತ್ತು ಧಾತುವಿನ ಮೇಲೆ, ಅದಕ್ಕೇ ಅಲ್ಲಿ ಎ ಅನ್ನೋದು ಯೆ ಆಗಿ ಒಡೀತು. ಸೆಂತಾತೆಯಲ್ಲಿ ಒತ್ತು ಮುಂದಕ್ಕೆ ಹೋಗಿದೆ, ಸ್ವರ ಹಾಗೇ ಉಳೀತು.

ಇದು ಆಜ್ಞೆಗಳಿಗೆ ಮಾತ್ರ ಇರೋ ನಿಯಮ ಅಲ್ಲ, ಇಡೀ ಭಾಷೇಲಿ ಹರಡ್ಕೊಂಡಿದೆ. ಲ್ಯಾಟಿನ್‌ನ ಹ್ರಸ್ವ ಎ, ಒ ಸ್ವರಗಳು ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಯೆ, ವೆ ಆದ್ವು, ಒತ್ತು ಇಲ್ಲದ ಕಡೆ ಆಗ್ಲಿಲ್ಲ. ಏಳು ಸ್ಯೇತೆ, ಎಪ್ಪತ್ತು ಸೆತೇಂತ. ಒಂಬತ್ತು ನ್ವೇಬೆ, ತೊಂಬತ್ತು ನೊಬೇಂತ. ಬಾಗಿಲು ಪ್ವೇರ್ತ, ಬಾಗಿಲು ಕಾಯೋನು ಪೊರ್ತೇರೊ. ಮೊದಲನೇ ತಿಂಗಳಲ್ಲೇ ಕಲಿಯೋ ಪದಗಳಲ್ಲಿ ಇದು ಕೂತಿದೆ ಅಂತ ಗೊತ್ತಾದಾಗ ಆದ ಖುಷಿ ಇನ್ನೂ ಇಳಿದಿಲ್ಲ!

ಸರಿ, ಈ ಒಂದೇ ಎಳೆ ಹಿಡ್ಕೊಂಡು ಬಾಕಿ ರೂಪಗಳನ್ನೆಲ್ಲ ಜೋಡಿಸಿದೆ. ಗೌರವದ ಉಸ್ತೇದ್‌ಗೆ ಸ್ಯೇಂತೆಸೆ, ಅಕ್ವೇಸ್ತೆಸೆ, ಬೀಸ್ತಸೆ. ತುಂಬಾ ಜನಕ್ಕೆ ಸ್ಯೇಂತೆನ್ಸೆ, ಬೀಸ್ತನ್ಸೆ. ಒತ್ತು ಧಾತುವಿನ ಮೇಲೇ ಇರೋದ್ರಿಂದ ಬದಲಾವಣೆ ಇದ್ದೇ ಇದೆ. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಹೇಳೋ ರೂಪದಲ್ಲಿ ಒತ್ತು ಕೊನೆಗೆ ಜಾರುತ್ತೆ, ಸೆಂತಾದ್ + ಒಸ್ ಸೇರಿ ದ್ ಬಿದ್ದೋಗಿ ಸೆಂತಾಒಸ್, ಅಕೊಸ್ತಾಒಸ್, ಬೆಸ್ತೀಒಸ್, ಯಾವ್ದ್ರಲ್ಲೂ ಬದಲಾವಣೆ ಇಲ್ಲ. (ದ್ ಬೀಳದೇ ಉಳಿಯೋದು "ಹೋಗೋದು" ಅನ್ನೋ ಕ್ರಿಯಾಪದದಲ್ಲಿ, ಈದೊಸ್. ಜನ ಆಡೋ ಈರೊಸ್ ರೂಪಾನ ಸ್ಪೇನ್‌ನ ರಾಯಲ್ ಅಕಾಡೆಮಿ 2017ರಲ್ಲಿ ಒಪ್ಕೊಳ್ತು.) "ಕೂತ್ಕೊಳ್ಳೋಣ" ಅನ್ನೋಕೆ ಸೆಂತೇಮೊಸ್ + ನೊಸ್, ಮಧ್ಯದ ಸ್ ಹೋಗಿ ಸೆಂತೇಮೊನೊಸ್, ಇಲ್ಲೂ ಧಾತು ಹಾಗೇ ಇದೆ.

ಒಂದು ಕಡೆ ಮಾತ್ರ ಎಳೆ ಸಾಲಲ್ಲ. ಈರ್‌ನಲ್ಲಿ ಮುಗಿಯೋ ಈ ಥರದ ಕ್ರಿಯಾಪದಗಳು "ಮಾಡೋಣ" ರೂಪದಲ್ಲಿ ಒತ್ತು ಇಲ್ದೇನೂ ಬದಲಾಗ್ತವೆ: ದುರ್ಮಾಮೊನೊಸ್, ಬಿಸ್ತಾಮೊನೊಸ್, ದಿಬಿರ್ತಾಮೊನೊಸ್ (ಮಜಾ ಮಾಡೋಣ). ಒ ಹೋಗಿ ಉ, ಎ ಹೋಗಿ ಇ. ಇದನ್ನ ಬೇರೆ ಬಣ್ಣದ ಕಾರ್ಡ್‌ಗೆ ಹಾಕಿದೀನಿ, ದಿನಾ ಬಾಯಲ್ಲಿ ಹೇಳ್ಕೊಳ್ಳೋದೊಂದೇ ದಾರಿ.

ಇನ್ನು ಬರೆಯುವಾಗ ಹಾಕೋ ಆ ಸಣ್ಣ ಓರೆ ಗೆರೆ. ತೆ ಅಂಟಿದ್ರೂ ಒತ್ತು ಇದ್ದಲ್ಲೇ ಇರುತ್ತೆ, ಆದ್ರೆ ಪದ ಉದ್ದ ಆದ್ದರಿಂದ ಒತ್ತು ಕೊನೆಯಿಂದ ಮೂರನೇ ಉಚ್ಚಾರಾಂಶಕ್ಕೆ ಹೋಗಿ ಬೀಳುತ್ತೆ, ಅಂಥ ಪದಗಳಿಗೆಲ್ಲ ಗೆರೆ ಕಡ್ಡಾಯ. ಹಾಗಾಗಿ ಸ್ಯೇಂತತೆಗೆ ಗೆರೆ ಬೇಕು, ಅರ್ಜೆಂಟೀನಾದ ಸೆಂತಾತೆಗೆ ಬೇಡ. ಅಲ್ಲಿ ಒತ್ತು ಕೊನೆಯಿಂದ ಎರಡನೇದು, ಪದ ಸ್ವರದಲ್ಲಿ ಮುಗಿಯುತ್ತೆ, ಹಾಗಿದ್ರೆ ಗೆರೆ ಹಾಕಲ್ಲ.

ಕಾರ್ಡ್‌ಗಳಲ್ಲಿ ನನಗೆ ತುಂಬಾ ಇಷ್ಟವಾದ ಜೋಡಿ ಸೆಂತಾರ್ಸೆ ಮತ್ತು ಸೆಂತೀರ್ಸೆ, ಕೂರೋದು ಮತ್ತು ಅನಿಸೋದು. ಒಬ್ಬ ಗೆಳೆಯನಿಗೆ ಕೂತ್ಕೊ ಅಂದ್ರೆ ಸ್ಯೇಂತತೆ, ದೊಡ್ಡೋರಿಗೆ ಸ್ಯೇಂತೆಸೆ. ಅನಿಸೋದ್ರಲ್ಲಿ ಸ್ವರ ತಿರುಗಾ ಮುರುಗಾ, ಗೆಳೆಯನಿಗೆ ಸ್ಯೇಂತೆತೆ, ದೊಡ್ಡೋರಿಗೆ ಸ್ಯೇಂತಸೆ. ಮನೆಗೆ ಬಂದವರಿಗೆ "ನಿಮ್ಮನೆ ಅಂತಾನೇ ಅಂದ್ಕೊಳ್ಳಿ" ಅನ್ನೋಕೆ ಸ್ಯೇಂತಸೆ ಕೊಮೊ ಎನ್ ಸು ಕಾಸ ಅಂತಾರೆ, ಅಲ್ಲಿರೋದು ಅನಿಸೋ ಕ್ರಿಯಾಪದ. ಈ ನಾಲ್ಕನ್ನೂ ನನ್ನ ದನೀಲೇ ರೆಕಾರ್ಡ್ ಮಾಡ್ಕೊಂಡು ವಾಕಿಂಗ್ ಹೋಗುವಾಗ ಕೇಳ್ತಿದೀನಿ, ಈಗ ಕೇಳಿದ ತಕ್ಷಣ ಯಾವ್ದು ಅಂತ ಹೇಳ್ಬಲ್ಲೆ.

ಮುಂದಿನ ಕೆಲಸ ಬೇಡ ಅನ್ನೋ ರೂಪಗಳು. ನಮ್ಮಲ್ಲಿ ಕೂತ್ಕೋಬೇಡ ಅಂದ್ರೂ ಬಾಲ ಅಲ್ಲೇ ಇರುತ್ತೆ, ಅವರಲ್ಲಿ ತೆ ಕಳಚ್ಕೊಂಡು ಕ್ರಿಯಾಪದದ ಮುಂದೆ ಬಂದು ನಿಲ್ಲುತ್ತೆ, ನೋ ತೆ ಸ್ಯೇಂತೆಸ್, ಗೆರೇನೂ ಇಲ್ಲ. ಆ ಕಾರ್ಡ್‌ಗಳನ್ನ ಗೆಳತಿ ಹೇಳೋ ರೂಪಗಳ ಜೊತೇಲೇ ಜೋಡಿ ಮಾಡಿ ಕಟ್ತಿದೀನಿ.