ಎರಡನೇ ಸ್ಯಾಂಪಲ್ಲೂ ಕೆಂಪಾಗಿ ಬಂದರೆ

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೊಸದಾಗಿ ಸೇರಿದವರಿಗೆ ಮೊದಲು ಹೇಳುವ ಮಾತು ಇದು: ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಹೊರತೆಗೆದ ಮೇಲೆ, ಮೇಲೆ ನಿಂತ ಪ್ಲಾಸ್ಮಾದ ಬಣ್ಣ ನೋಡಿ. ತಿಳಿ ಹಳದಿ ಇರಬೇಕು. ಕೆಂಪಗಿದ್ದರೆ ಕೆಂಪು ರಕ್ತಕಣಗಳು ಒಡೆದಿವೆ ಎಂದು ಅರ್ಥ.

ಹೆಚ್ಚಿನ ಸಲ ಅದು ರಕ್ತ ತೆಗೆಯುವಾಗಲೇ ಆಗಿರುತ್ತದೆ. ಸಿರಿಂಜ್ ಜೋರಾಗಿ ಎಳೆದಿರುತ್ತಾರೆ, ಟ್ಯೂಬ್ ಕುಲುಕಿರುತ್ತಾರೆ. ‘ಹೀಮೋಲೈಸ್ ಆಗಿದೆ, ಮತ್ತೆ ಕಳಿಸಿ’ ಎಂದು ಬರೆಯುತ್ತೇವೆ. ಸರಿಯೇ. ಆದರೆ ಎರಡನೆಯದೂ ಹಾಗೇ ಬಂದರೆ ಸೂಜಿಯನ್ನು ದೂರುವುದು ಬಿಟ್ಟು ವಾರ್ಡ್‌ಗೆ ಫೋನ್ ಮಾಡಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳಿಂದಲೂ ರೋಗಿಯ ಮೈಯೊಳಗೇ ರಕ್ತಕಣ ಒಡೆಯಬಹುದು.

ಒಮ್ಮೆ ಹಾಗೆ ಫೋನ್ ಮಾಡಿ ‘ಸಿಸ್ಟರ್, ಇವರಿಗೆ ಯಾವ ಆ್ಯಂಟಿಬಯಾಟಿಕ್ ಕೊಡ್ತಿದ್ದೀರಿ?’ ಎಂದು ಕೇಳಿದೆ. ಸೆಫ್ಟ್ರಿಯಾಕ್ಸೋನ್ ಎಂದರು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದೆ ಎಂದೂ ಹೇಳಿದರು. ಮೂತ್ರ ತರಿಸಿ ನೋಡಿದೆವು. ಪರೀಕ್ಷೆಯ ಪಟ್ಟಿ ಅದ್ದಿದರೆ ರಕ್ತ ಇದೆ ಎನ್ನುತ್ತದೆ, ಮೈಕ್ರೋಸ್ಕೋಪ್‌ನಲ್ಲಿ ರಕ್ತಕಣ ಕಾಣುವುದೇ ಇಲ್ಲ. ಅಂದರೆ ಕಣಗಳು ರಕ್ತನಾಳದೊಳಗೇ ಒಡೆದು, ಬರೀ ಹಿಮೋಗ್ಲೋಬಿನ್ ಹೊರಬರುತ್ತಿತ್ತು. ಪ್ರತಿಕಾಯಗಳು (ಆ್ಯಂಟಿಬಾಡಿ) ಕೆಂಪು ಕಣಗಳ ಮೇಲೆ ದಾಳಿ ಮಾಡಿವೆಯೇ ಎಂದು ನೋಡುವ ಕೂಂಬ್ಸ್ ಟೆಸ್ಟ್ ಪಾಸಿಟಿವ್ ಬಂತು. ಡಾಕ್ಟರ್ ತಕ್ಷಣ ಆ ಇಂಜೆಕ್ಷನ್ ನಿಲ್ಲಿಸಿ ಬೇರೆ ಔಷಧಿ ಶುರು ಮಾಡಿದರು. ರೋಗಿ ಚೇತರಿಸಿಕೊಂಡರು.

ಇದು ಅಪರೂಪ, ನಿಜ. ಆದರೆ ಬಂದರೆ ಕಾಯುವುದಿಲ್ಲ. ಸೆಫ್ಟ್ರಿಯಾಕ್ಸೋನ್ ವಿರುದ್ಧ ಮೈಯಲ್ಲಿ ಪ್ರತಿಕಾಯ ಹುಟ್ಟಿಕೊಂಡಿದ್ದರೆ, ಮುಂದಿನ ಡೋಸ್ ಬಿದ್ದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಹಿಮೋಗ್ಲೋಬಿನ್ ಕುಸಿಯಬಹುದು. ಮಕ್ಕಳಲ್ಲಿ ಜೀವಕ್ಕೇ ಅಪಾಯ. ಪೆನಿಸಿಲಿನ್‌ನ ದಾರಿ ಬೇರೆ. ಜಾಸ್ತಿ ಡೋಸ್‌ನಲ್ಲಿ ಹಲವು ದಿನ ಕೊಟ್ಟಾಗ ಅದು ಕಣದ ಮೈಗೆ ಅಂಟಿಕೊಳ್ಳುತ್ತದೆ. ಪ್ರತಿಕಾಯ ಬಂದು ಅದನ್ನು ಹಿಡಿಯುತ್ತದೆ, ಗುಲ್ಮ (ಸ್ಪ್ಲೀನ್) ಆ ಕಣವನ್ನು ನಾಶ ಮಾಡುತ್ತದೆ. ಇಲ್ಲಿ ಹಿಮೋಗ್ಲೋಬಿನ್ ನಿಧಾನವಾಗಿ ಇಳಿಯುತ್ತದೆ, ಅದಕ್ಕೇ ಕಾಯಿಲೆಯ ಸುಸ್ತು ಎಂದುಕೊಂಡು ಸುಮ್ನೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ರಕ್ತಕಣ ಒಡೆಯಲು ಕಾರಣವಾಗಬಲ್ಲ ಇನ್ನೆರಡು ಆ್ಯಂಟಿಬಯಾಟಿಕ್‌ಗಳಾದ ಸೆಫೋಟೆಟಾನ್, ಪಿಪೆರಾಸಿಲಿನ್ ಹೆಸರುಗಳನ್ನೂ ನೆನಪಿಟ್ಟುಕೊಳ್ಳಿ.

ಹಾಗಂತ ಯಾರೂ ತಾವಾಗಿಯೇ ಆ್ಯಂಟಿಬಯಾಟಿಕ್ ಬಿಡಬಾರದು. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ಆಗಲೇ ಡಾಕ್ಟರಿಗೆ ತಿಳಿಸಿ. ಒಮ್ಮೆ ಹೀಗಾದವರ ಫೈಲಿನ ಮೇಲೆ ಆ ಔಷಧಿಯ ಹೆಸರು ದೊಡ್ಡದಾಗಿ ಬರೆದಿರಬೇಕು.

ಕೂಂಬ್ಸ್ ನೆಗೆಟಿವ್ ಬಂದರೂ ವಿಷಯ ಮುಗಿಯಲಿಲ್ಲ. ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿದ್ದಾರೆ, ಗಂಡಸರಲ್ಲಿ ಜಾಸ್ತಿ. ಅವರಿಗೆ ಡ್ಯಾಪ್ಸೋನ್, ನೈಟ್ರೋಫ್ಯುರಾಂಟೋಯಿನ್‌ನಂಥ ಔಷಧಿ ಕೊಟ್ಟರೆ ಪ್ರತಿಕಾಯದ ಹಂಗಿಲ್ಲದೆ ಕಣಗಳು ಒಡೆಯುತ್ತವೆ. ಸ್ಲೈಡ್‌ನಲ್ಲಿ ಅಂಚು ಕಚ್ಚಿ ತೆಗೆದಂಥ ಕಣಗಳು ಕಾಣುತ್ತವೆ. ಆದರೆ ಅದೇ ವಾರ ಜಿ6ಪಿಡಿ ಟೆಸ್ಟ್ ಮಾಡಿದರೆ ನಾರ್ಮಲ್ ಬರಬಹುದು. ಕಿಣ್ವ ಕಡಿಮೆಯಿದ್ದ ಹಳೆಯ ಕಣಗಳೆಲ್ಲ ಆಗಲೇ ಒಡೆದುಹೋಗಿ, ಉಳಿದದ್ದು ಎಳೆಯವು, ಅಲ್ವಾ? ಅದಕ್ಕೆ ನಾನು ರಿಪೋರ್ಟಿನ ಕೆಳಗೆ ‘ಸುಮಾರು 3 ತಿಂಗಳ ನಂತರ ಮತ್ತೆ ಮಾಡಿಸಿ’ ಎಂದು ಸೇರಿಸುತ್ತೇನೆ.