ಸುಟ್ಟ ಜೋಳದ ಹಳ್ಳದಲ್ಲಿ ಒಂದು ಮಧ್ಯಾಹ್ನ

ಮಗಳು ನಾಲ್ಕನೇ ಕ್ಲಾಸು. ಇಲ್ಲಿ ಅಮೆರಿಕದ ಅಲಬಾಮಾದಲ್ಲಿ ಆ ವರ್ಷ ರಾಜ್ಯದ ಇತಿಹಾಸ ಓದಿಸುತ್ತಾರೆ. ಯಾವುದಾದರೂ ಒಂದು ಕಾಳಗದ ಬಗ್ಗೆ ಚಾರ್ಟ್ ಮಾಡಿಕೊಂಡು ಬನ್ನಿ ಅಂದಿದ್ದರಂತೆ. ಇವಳು ಆರಿಸಿದ್ದು ಬರ್ನ್ಟ್ ಕಾರ್ನ್ ಕ್ರೀಕ್. ಯಾಕೆ ಪುಟ್ಟೀ ಅಂದರೆ, "ಹೆಸರು ಫನ್ನಿ ಇದೆ ಅಪ್ಪ." ದಾವಣಗೆರೆ ಕಡೆ ಮೆಕ್ಕೆಜೋಳದ ಹೊಲದಲ್ಲಿ ಆಡಿ ಬೆಳೆದ ನನಗೂ 'ಸುಟ್ಟ ಜೋಳದ ಹಳ್ಳ' ಅಂತ ಕೇಳಿ ಸುಮ್ಮನಿರಲು ಆಗಲಿಲ್ಲ. ಶನಿವಾರ ಬೆಳಗ್ಗೆ ಪುಳಿಯೋಗರೆ ಕಟ್ಟಿಕೊಂಡು ಮಾಂಟ್ಗೊಮರಿಯಿಂದ ಮೂವರೂ ಹೊರಟೆವು.

ಬರ್ನ್ಟ್ ಕಾರ್ನ್ ಅನ್ನೋ ಊರು ಸಿಕ್ಕಿತು. ಬಾಗಿಲು ಹಾಕಿದ ಹಳೇ ಅಂಗಡಿ, ನಾಲ್ಕಾರು ಮನೆ, ಅಷ್ಟೇ. ಫೋಟೋ ಹೊಡೆದಾದ ಮೇಲೆ ಹೆಂಡತಿ ಫೋನು ನೋಡಿ, "ರೀ, ಜಗಳ ಆಗಿದ್ದು ಇಲ್ಲಲ್ಲ, ಹಳ್ಳದ ಗುಂಟ ಇನ್ನೂ ದಕ್ಷಿಣಕ್ಕೆ" ಅಂದಳು. ಮತ್ತೆ ಕಾರು ಹತ್ತಿದೆವು. ಪೈನ್ ಮರ, ಪೈನ್ ಮರ, ಪೈನ್ ಮರ.

ದಾರಿಯಲ್ಲಿ ಮಗಳಿಗೊಂದು ಗೊಂದಲ. ಕ್ರೀಕ್ ಅಂದರೆ ಹಳ್ಳ, ಕ್ರೀಕ್ ಅಂದರೆ ಜನಾನೂ ಹೌದಾ? ಇಲ್ಲಿನ ಮೂಲನಿವಾಸಿಗಳಿಗೆ ಹಳ್ಳದ ದಂಡೆಯವರು ಅಂತ ಇಂಗ್ಲಿಷರು ಇಟ್ಟ ಹೆಸರದು. ಅವರ ಮಟ್ಟಿಗೆ ಅವರು ಮಸ್ಕೋಗಿಗಳು. 1813ರ ಹೊತ್ತಿಗೆ ಅವರೊಳಗೇ ಎರಡು ಪಂಗಡ. ಬಿಳಿಯರ ರೀತಿ ನಮಗೆ ಬೇಡ ಅಂದವರು 'ಕೆಂಪು ಕೋಲಿನವರು'; ಕೆಂಪು ಬಳಿದ ಗದೆ ಅವರ ಗುರುತು. ಅವರಲ್ಲಿ ಪೀಟರ್ ಮೆಕ್ವೀನ್ ಎಂಬವನು ತನ್ನವರನ್ನು ಕಟ್ಟಿಕೊಂಡು ಆಗ ಸ್ಪೇನಿನ ಕೈಲಿದ್ದ ಪೆನ್ಸಕೋಲಾಕ್ಕೆ ಹೋಗಿ, ಮದ್ದುಗುಂಡು ತಂದು ಕುದುರೆಗಳ ಮೇಲೆ ಹೇರಿಕೊಂಡು ವಾಪಸಾಗುತ್ತಿದ್ದ. ಅದನ್ನು ತಡೆಯಲು ಕರ್ನಲ್ ಜೇಮ್ಸ್ ಕಾಲರ್ ಸುಮಾರು 180 ಮಂದಿ ಮಿಲಿಷಿಯಾದವರನ್ನು, ಅಂದರೆ ಅಮೆರಿಕನ್ನರ ಕಡೆಯ ಊರ ಪಡೆಯವರನ್ನು, ಕರೆದುಕೊಂಡು ಹೊರಟ.

ಜುಲೈ 27, ನಡು ಮಧ್ಯಾಹ್ನ. ಕ್ರೀಕರು ಹಳ್ಳದ ಪಕ್ಕ ಬೆಂಕಿ ಹಚ್ಚಿ ಅಡುಗೆ ಊಟದಲ್ಲಿದ್ದರು. ಮಿಲಿಷಿಯಾ ಮೇಲೆ ಬಿತ್ತು. ಉಂಡವರು ಉಣ್ಣದವರು ಎಲ್ಲ ಎದ್ದು ಜೊಂಡಿನೊಳಕ್ಕೆ ಓಡಿದರು. ಅಲ್ಲಿಗೆ ಗೆದ್ದಂತೆಯೇ. ಆದರೆ ಹೇರು ಹೊತ್ತ ಕುದುರೆಗಳು ಕಣ್ಣೆದುರಿಗೇ ನಿಂತಿದ್ದವಲ್ಲ! ಅಟ್ಟಿಸಿಕೊಂಡು ಹೋಗಬೇಕಾದವರು ಬಂದೂಕು ಬಗಲಿಗೆ ಸಿಕ್ಕಿಸಿ ಕುದುರೆ ಹಗ್ಗಕ್ಕೆ ಕೈ ಹಾಕಿದರು, ನನಗೆ ನಿನಗೆ ಅಂತ. (ಇಂಗ್ಲಿಷಿನ 'ಲೂಟ್' ನಮ್ಮ ಲೂಟಿಯೇ ಅಂದಾಗ ಮಗಳು ನಂಬಲಿಲ್ಲ.) ಜೊಂಡಿನಲ್ಲಿದ್ದವರು ಇದನ್ನು ನೋಡಿದರು, ತಿರುಗಿ ಬಂದರು. ಮಿಲಿಷಿಯಾ ದಿಕ್ಕಾಪಾಲು. ಅವರಲ್ಲಿ ಸತ್ತವರು ಇಬ್ಬರೇ, ಆದರೆ ಮಾನ ಹೋದದ್ದು ಇಡೀ ಪಡೆಯದು. ಕರ್ನಲ್ ಸಾಹೇಬರು ಕಾಡಿನಲ್ಲಿ ದಾರಿ ತಪ್ಪಿ ಎರಡು ವಾರದ ಮೇಲೆ ಸಿಕ್ಕರು, ಹಸಿವಿನಿಂದ ಅರೆಜೀವವಾಗಿ.

ಬ್ರೂಟನ್ ಹತ್ತಿರ ಸೇತುವೆ ಬದಿಯಲ್ಲಿ ನಾವೂ ಬುತ್ತಿ ಬಿಚ್ಚಿದೆವು. ನೀರು ಡಿಕಾಕ್ಷನ್ ಬಣ್ಣ, ದಂಡೆಯ ಮರಳು ಬೆಳ್ಳಗೆ. ಮಗಳು ಪುಳಿಯೋಗರೆಯ ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತಿದ್ದಳು; ಕೆಳಗೆ ಬಿದ್ದ ಒಂದನ್ನು ಇರುವೆಗಳು ಆಗಲೇ ಎಳೆಯಲು ಶುರುಮಾಡಿದ್ದವು. ನಾನು ರಸ್ತೆಗೆ ಬೆನ್ನು ಹಾಕಿ ಕೂತಿದ್ದೆ. ಮರದ ದಿಮ್ಮಿ ಹೊತ್ತ ಲಾರಿಯೊಂದು ಸೇತುವೆ ಮೇಲೆ ಗುಡುಗಿಕೊಂಡು ಹೋದಾಗ ಕೈಲಿದ್ದ ತುತ್ತು ಕೈಲೇ ಉಳಿಯಿತು.

ಮಿಲಿಷಿಯಾದಲ್ಲಿದ್ದ ಕ್ಯಾಪ್ಟನ್ ಡಿಕ್ಸನ್ ಬೈಲಿಯ ಮೈಯಲ್ಲೂ ಕ್ರೀಕ್ ರಕ್ತವಿತ್ತು. ಮೆಕ್ವೀನನ ಅಪ್ಪ ಸ್ಕಾಟ್‌ಲೆಂಡಿನವನು. ಹೀಗೆ ಅರ್ಧರ್ಧ ನೆಂಟರಂಥವರ ಕಾದಾಟ. ಬೈಲಿ ಇಲ್ಲಿಂದ ಬಚಾವಾಗಿ ಫೋರ್ಟ್ ಮಿಮ್ಸ್ ಸೇರಿಕೊಂಡ. ಆಗಸ್ಟ್ 30ರಂದು ಅಲ್ಲಿ ಮಧ್ಯಾಹ್ನದ ಊಟಕ್ಕೆ ಡೋಲು ಬಾರಿಸಿದರು. ಕಾದು ಕೂತಿದ್ದ ಕೆಂಪು ಕೋಲಿನವರು ಆ ಸದ್ದಿಗೇ ಎದ್ದು ಬಂದರು, ಕೋಟೆಯ ಬಾಗಿಲು ತೆರೆದೇ ಇತ್ತು. ಒಳಗಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಬೈಲಿಯೂ. ಅದೇ ವರ್ಷದ ಕೊನೆಗೆ ಸೈನ್ಯ ಕಟ್ಟಿಕೊಂಡು ಆಂಡ್ರೂ ಜ್ಯಾಕ್ಸನ್ ಬಂದ, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಮುಂದಿನ ವರ್ಷ ಕ್ರೀಕರ ಎರಡು ಕೋಟಿ ಎಕರೆಗೂ ಮಿಕ್ಕಿದ ನೆಲ ಹೋಯಿತು. ಜ್ಯಾಕ್ಸನ್ನನ ಪರ ನಿಂತು ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಸೇರಿತ್ತು.

ರಾತ್ರಿ ಮಗಳು ಚಾರ್ಟ್ ಬರೆದಳು. ಗೆದ್ದವರು: ಕ್ರೀಕ್. ಸೋತವರು: ಮಿಲಿಷಿಯಾ. ಕಾರಣ ಅನ್ನುವ ಕಡೆ ಪೆನ್ಸಿಲ್ ಕಚ್ಚುತ್ತಾ ಕೂತವಳು ಕೊನೆಗೆ ಬರೆದದ್ದು ಒಂದೇ ಪದ: ಕುದುರೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದರ ಕೆಳಗೆ ಇನ್ನೊಂದು ಸೇರಿತ್ತು: ಲಂಚ್.

ಟೀಚರು ಎರಡನೆಯದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ.