ಹಂಡೆಯ ಕಿಲುಬು ಮತ್ತು ಡಾಲ್ಟನ್‌ನ ಪರಮಾಣು

ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳು ಕಳೆದ ವಾರ ಧಾರವಾಡದ ನಮ್ಮ ಮನೆಗೆ ಬಂದಾಗ, ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್‌ನ ಪರಮಾಣು ಸಿದ್ಧಾಂತದ ಅಂಶಗಳನ್ನು ಒಂದೂ ಬಿಡದೆ ಒಪ್ಪಿಸಿದ ಮೇಲೆ ಕೇಳಿದಳು: "ಕಾಕಾ, ಅಂವಾ ಪರಮಾಣು ನೋಡೇ ಇರಲಿಲ್ಲಂದ್ರ, ಐತಿ ಅಂತ ಹೆಂಗ ಗೊತ್ತಾತು?"

ಉತ್ತರ ಹಿತ್ತಲಿನಲ್ಲಿಯೇ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಲೆಂದು ಇಟ್ಟಿದ್ದ ತಾಮ್ರದ ಹಂಡೆಯ ಕಂಠದ ಸುತ್ತ ಹಸಿರು ಕಿಲುಬು ಹಿಡಿದಿತ್ತು. ತೇವದ ಗಾಳಿಯಲ್ಲಿ ತಾಮ್ರದ ಮೇಲೆ ಕಟ್ಟುವ ಇಂಥ ಕಿಲುಬಿನಲ್ಲಿರುವ ತಾಮ್ರದ ಕಾರ್ಬೊನೇಟನ್ನೇ ಫ್ರಾನ್ಸಿನ ಜೋಸೆಫ್ ಪ್ರೌಸ್ಟ್ 1799ರ ಸುಮಾರಿಗೆ ಪರೀಕ್ಷಿಸಿ, ಅದು ನೆಲದಿಂದ ಅಗೆದು ತಂದದ್ದಾಗಿರಲಿ, ಪ್ರಯೋಗಶಾಲೆಯಲ್ಲಿ ತಯಾರಿಸಿದ್ದಾಗಿರಲಿ, ಅದರೊಳಗಿನ ಧಾತುಗಳ ತೂಕದ ಅನುಪಾತ ಬದಲಾಗುವುದಿಲ್ಲವೆಂದು ತೋರಿಸಿದ. ಸಾರಿಗೆ ಉಪ್ಪು ಕೈಯಳತೆಯಲ್ಲಿ ಹೆಚ್ಚುಕಡಿಮೆಯಾಗಬಹುದು. ಧಾತುಗಳು ಕೂಡಿ ಆದ ಸಂಯುಕ್ತದಲ್ಲಿ ಆ ಸ್ವಾತಂತ್ರ್ಯವಿಲ್ಲ.

ಆದರೆ ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮುಂದಿನ ಹೆಜ್ಜೆ. ತಾಮ್ರವು ಆಮ್ಲಜನಕದೊಡನೆ ಕೂಡಿ ಒಂದು ಕೆಂಪು, ಒಂದು ಕಪ್ಪು, ಹೀಗೆ ಎರಡು ಆಕ್ಸೈಡುಗಳಾಗುತ್ತದೆ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, 63.5 ಗ್ರಾಂ ತಾಮ್ರಕ್ಕೆ ಕೆಂಪು ಆಕ್ಸೈಡಿನಲ್ಲಿ 8 ಗ್ರಾಂ, ಕಪ್ಪು ಆಕ್ಸೈಡಿನಲ್ಲಿ 16 ಗ್ರಾಂ ಆಮ್ಲಜನಕ ಇರುತ್ತದೆ. ಸರಿಯಾಗಿ ಎರಡು ಪಟ್ಟು. ಜೋಳದ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಏರಿಸುತ್ತ ಹೋಗಬಹುದು, ಆದರೆ ಕಾಳನ್ನು ಎಣಿಸಿಯೇ ಕೊಡಬೇಕಾಗುತ್ತದೆ; ಪದಾರ್ಥವು ಇಲ್ಲಿ ಕಾಳಿನಂತೆ ನಡೆದುಕೊಳ್ಳುತ್ತದೆ. ಡಾಲ್ಟನ್ ಮುಖ್ಯವಾಗಿ ಅನಿಲಗಳ ಲೆಕ್ಕದಲ್ಲಿ ಇದೇ ಬಗೆಯ ಪೂರ್ಣಾಂಕಗಳನ್ನು ಕಂಡ. 1803ರಲ್ಲಿ ಪರಮಾಣುಗಳ ಸಾಪೇಕ್ಷ ತೂಕಗಳನ್ನು, ಅಂದರೆ ಒಂದಕ್ಕೊಂದು ಹೋಲಿಸಿದ ತೂಕಗಳನ್ನು, ಪಟ್ಟಿ ಮಾಡಿದ ಆತ 1808ರಲ್ಲಿ ತನ್ನ ಗ್ರಂಥದಲ್ಲಿ ಸಿದ್ಧಾಂತವನ್ನು ವಿವರಿಸಿದ. ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವು, ಬೇರೆ ಧಾತುವಿನವು ಬೇರೆ ತೂಕದವು, ಕ್ರಿಯೆಯಲ್ಲಿ ಅವು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ಮಾತುಗಳು ಈ ತೂಕಗಳಿಂದ ಹೊರಟವು. ತೂಕಗಳನ್ನು ಬಿಟ್ಟು ಅಂಶಗಳನ್ನಷ್ಟೇ ಬಾಯಿಪಾಠ ಮಾಡಿಸುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಡಾಲ್ಟನ್ ಎಡವಿದ್ದನ್ನೂ ಅವಳಿಗೆ ಹೇಳಿದೆ. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದೇ ಆಮ್ಲಜನಕ ಎಂದು ಆತ ಭಾವಿಸಿದ್ದರಿಂದ, ಜೊತೆಗೆ ಆಗಿನ ಅಳತೆಯೂ ಅಷ್ಟು ನಿಖರವಾಗಿರದ್ದರಿಂದ, ಜಲಜನಕವನ್ನು 1 ಎಂದಿಟ್ಟುಕೊಂಡಾಗ ಆಮ್ಲಜನಕದ ತೂಕ 7 ಎಂದು ಬಂದಿತು. ಒಂದು ಆಮ್ಲಜನಕಕ್ಕೆ ಎರಡು ಜಲಜನಕ ಎಂದು ತಿಳಿದಿರುವ ಇಂದು ನಾವು ಬಳಸುವುದು 16. ಇಟಲಿಯ ಅವೊಗಾಡ್ರೊ 1811ರಲ್ಲಿಯೇ, ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ (ಅಣುವೆಂದರೆ ಪರಮಾಣುಗಳು ಕೂಡಿ ಆದ ಕಣ) ಎಂದು ಹೇಳಿ ಈ ತೊಡಕನ್ನು ಬಿಡಿಸುವ ದಾರಿ ತೋರಿದ್ದರೂ ಆ ಮಾತು ಬಹುಕಾಲ ಮೂಲೆಗೆ ಬಿದ್ದಿತ್ತು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದ ಸಮ್ಮೇಳನದಲ್ಲಿ ಇಟಲಿಯವನೇ ಆದ ಕನಿಜಾರೊ ಅದನ್ನು ಮತ್ತೆ ಮುಂದಿಟ್ಟ ಮೇಲೆಯೇ ರಸಾಯನಶಾಸ್ತ್ರಜ್ಞರ ನಡುವಿನ ತೂಕದ ಗೋಜಲು ಬಿಡಿಸಿಕೊಳ್ಳತೊಡಗಿತು.